ಎದುರು ಮನೆಯ ಉಪ್ಪಿನ ಪಾಳಿ

ನನ್ನ ಹೆಸರು, ತಂದೆಯ ಹೆಸರು, ಮನೆಯ ನಂಬರು ಈ ಹಾಳೆಯ ತಲೆಯಲ್ಲಿ ಬರೆಸಿದಂತೆ. ವಯಸ್ಸು ಅರವತ್ತೇಳು. ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ ಮಾಡಿ ನಿವೃತ್ತನಾಗಿದ್ದೇನೆ. ಹೆಂಡತಿ ತೀರಿಕೊಂಡಿದ್ದಾಳೆ. ನರ್ಸ್ ಆಗಿರುವ ಮಗಳು ಮತ್ತು ಆಕೆಯ ನಾಲ್ಕು ವರ್ಷದ ಮಗುವಿನೊಂದಿಗೆ ಮೊದಲ ಮಹಡಿಯಲ್ಲಿ ವಾಸ. ಮಗುವನ್ನು ಮನೆಯಲ್ಲಿ ಗುಬ್ಬಿ ಎಂದು ಕರೆಯುತ್ತೇವೆ. ಠಾಣೆಗೆ ನಾನಾಗಿಯೇ ಬಂದು ಈ ಮೂಲಕ ಬರೆಸಿ ತಿಳಿಸುವುದೇನೆಂದರೆ:

ನಮ್ಮ ಮನೆಯ ಎದುರು, ರಸ್ತೆಯ ಆಚೆ ಬದಿಯಲ್ಲಿ, ಒಬ್ಬ ಹೆಂಗಸು ತಮ್ಮ ಮನೆಯಲ್ಲೇ, ಗುಬ್ಬಿಯೂ ಸೇರಿ, ಆರು ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುತ್ತಾರೆ. ಮಕ್ಕಳು ಆಕೆಯನ್ನು ಸೌಟಮ್ಮ ಎನ್ನುತ್ತಾರೆ. ಕಳೆದ ಬೇಸಿಗೆಯಿಂದ ಗುಬ್ಬಿಯನ್ನೂ ಅಲ್ಲಿಗೆ ಕಳುಹಿಸಲಾಗುತ್ತಿದೆ. ನಾನಿರುವಾಗ ಇದೇಕೆ ಎಂದು ಮಗಳನ್ನು ಕೇಳಿದ್ದೆ. ಅಪ್ಪಾ, ನಿಮಗೂ ಸ್ವಲ್ಪ ಬಿಡುವು ಬೇಕು, ಅವಳಿಗೂ ಓರಗೆಯವರು ಬೇಕು ಎಂದಳು. ಬಿಡುವು ಬೇಕೆಂದು ನಾನು ಯಾರ ಬಳಿಯೂ ಹೇಳಿರಲಿಲ್ಲ. ಮಗಳು ಗುಬ್ಬಿಯಷ್ಟೇ ಇದ್ದಾಗ ನನಗೆ ರಾತ್ರಿ ಪಾಳಿಯಿತ್ತು. ಅವಳು ಎಚ್ಚರವಿದ್ದಾಗ ನಾನು ಮಲಗಿರುತ್ತಿದ್ದೆ. ಮೊಮ್ಮಗಳ ಬಾಲ್ಯವನ್ನಾದರೂ ಕಣ್ತುಂಬ ನೋಡಬೇಕೆಂದಿದ್ದೆ. ಅದನ್ನು ಈಗ ಎದುರು ಮನೆಯವರು ನೋಡುತ್ತಿದ್ದಾರೆ.

ಸದರಿ ಮನೆಯಲ್ಲಿ ಮಧ್ಯಾಹ್ನದ ಅಡುಗೆಯನ್ನು ಮಕ್ಕಳ ಕೈಯಿಂದಲೇ ಮಾಡಿಸುತ್ತಾರೆ. ನಮ್ಮ ಕಿಟಕಿಯಿಂದ ಅವರ ಅಡುಗೆಕೋಣೆ ನೇರ ಕಾಣುತ್ತದೆ. ಒಬ್ಬನು ಬಟಾಣಿ ಬಿಡಿಸುತ್ತಾನೆ, ಇನ್ನೊಬ್ಬಳು ಕ್ಯಾರೆಟ್ ತೊಳೆಯುತ್ತಾಳೆ, ಮತ್ತೊಬ್ಬನು ಮೊಣಕೈವರೆಗೆ ಹಿಟ್ಟು ಮೆತ್ತಿಕೊಳ್ಳುತ್ತಾನೆ. ದುಡಿಮೆಯಿಂದ ಮಕ್ಕಳನ್ನು ಬಿಡಿಸಲು ನಡೆದ ಹೋರಾಟಗಳನ್ನು ಓದಿದವನು ನಾನು, ಅವುಗಳ ಕರಡನ್ನೂ ತಿದ್ದಿದವನು. ಇದನ್ನು ಕೂಲಿಯಿಲ್ಲದ ದುಡಿಮೆ ಎಂದು ಮಗಳಿಗೆ ಹೇಳಿದೆ. ಅವಳು ನಕ್ಕು, ಅಪ್ಪಾ, ಹಾಗಾದರೆ ಬಟಾಣಿ ಬಿಡಿಸುವವರದ್ದೊಂದು ಸಂಘ ಕಟ್ಟಿಬಿಡಿ ಎಂದಳು.

ಆ ಮನೆಯಲ್ಲಿ ಒಂದು ಪದ್ಧತಿಯಿದೆ. ಸೂಪು ಬೆಂದ ಮೇಲೆ ಸೌಟಮ್ಮ ಪಾತ್ರೆಯನ್ನು ಇಳಿಸಿ ಸ್ವಲ್ಪ ಆರಲು ಬಿಡುತ್ತಾರೆ. ಆಮೇಲೆ ಆ ದಿನ ಪಾಳಿಯಿರುವ ಮಗು ಮಣೆಯ ಮೇಲೆ ನಿಂತು ಉಪ್ಪು ಹಾಕಿ, ರುಚಿ ನೋಡಿ, "ಸಾಕು" ಎನ್ನಬೇಕು. ಅಲ್ಲಿಯವರೆಗೆ ಯಾರೂ ಚಮಚ ಮುಟ್ಟುವಂತಿಲ್ಲ, ಸೌಟಮ್ಮನೂ ಸೇರಿ. ಗುಬ್ಬಿ ಇದನ್ನು ನನಗೆ ಒಂದೇ ಉಸಿರಿಗೆ ಹೇಳಿದ್ದಳು.

ಹೋದ ಭಾನುವಾರ ನಾನು ಮನೆಯಲ್ಲಿ ಸೂಪು ಮಾಡಿದೆ. ತರಕಾರಿಯನ್ನು ಅಳತೆಗೋಲು ಇಟ್ಟು ಕೊಯ್ದಂತೆ ಕೊಯ್ದಿದ್ದೆ. ಗುಬ್ಬಿ ಬಟ್ಟಲು ನೋಡಿ, ಇದಕ್ಕೆ ಉಪ್ಪು ಹಾಕಿದ್ದು ಯಾರು ಎಂದು ಕೇಳಿದಳು. ನಾನೇ ಎಂದೆ. ನಿನ್ನೆ? ನಿನ್ನೆಯೂ ನಾನೇ. "ದಿನಾ ನೀನೇನಾ ತಾತ? ಮೋಸ!" ಎಂದು ಬಟ್ಟಲನ್ನು ಆಚೆ ತಳ್ಳಿದಳು. ಸೌಟಮ್ಮನ ಸೂಪು ಹೇಗಿರುತ್ತದೆ ಎಂದು ಕೇಳಿದೆ. ಅದು ಸೌಟಮ್ಮಂದಲ್ಲ, ನಮ್ದು ಎಂದಳು. ಆ ಸಂಜೆ ನನಗೂ ಊಟ ಸೇರಲಿಲ್ಲ.

ನಿನ್ನೆ ಗುರುವಾರ ಗುಬ್ಬಿಯ ಉಪ್ಪಿನ ಪಾಳಿಯಿತ್ತು. ಬೆಳಿಗ್ಗೆ ಮಗಳು ಕೆಲಸಕ್ಕೆ ಹೋದ ಮೇಲೆ ನಾನು ಸೌಟಮ್ಮನಿಗೆ ಫೋನ್ ಮಾಡಿ, ಮಗುವಿಗೆ ಜ್ವರ, ಕಳುಹಿಸುವುದಿಲ್ಲ ಎಂದೆ. ಮಗುವಿಗೆ ಜ್ವರವಿರಲಿಲ್ಲ. ಅವಳಿಗೆಂದು ಒಂದು ಪುಟ್ಟ ಲಟ್ಟಣಿಗೆ, ಹೂವಿನ ಏಪ್ರನ್ ತಂದಿಟ್ಟಿದ್ದೆ. ಏಪ್ರನ್ ಕಟ್ಟಿಸಿಕೊಂಡು ಅವಳು ಕುಣಿದಳು. ಆಮೇಲೆ ಕೈಚಾಚಿದಾಗಲೆಲ್ಲ ಚಾಕು ಬೇಡ, ಒಲೆ ಹತ್ತಿರ ಬೇಡ, ಹಿಟ್ಟು ಚೆಲ್ಲುತ್ತದೆ, ನೀನು ನೋಡ್ತಾ ಇರು ಎಂದೆ. ಅವಳು ಸ್ವಲ್ಪ ಹೊತ್ತು ನೋಡಿದಳು. "ತಾತ, ನನ್ನ ಪಾಳಿ ಯಾವಾಗ?" ಎಂದು ಕೇಳಿದಳು. ಮೊದಲು ಬೇಯಲಿ ಎಂದೆ.

ಪಾತ್ರೆ ತೊಳೆದು ತಿರುಗಿದಾಗ ಗುಬ್ಬಿ ಇರಲಿಲ್ಲ. ಬಾಗಿಲು ತೆರೆದಿತ್ತು. ಆಗ ಹನ್ನೆರಡೂಕಾಲು. ಮಹಡಿಯ ನೀರಿನ ತೊಟ್ಟಿಯ ಮುಚ್ಚಳ ಎತ್ತಿ ನೋಡಿದೆ. ಮೆಟ್ಟಿಲ ಕೆಳಗೆ, ನಿಲ್ಲಿಸಿದ್ದ ವಾಹನಗಳ ಅಡಿಯಲ್ಲಿ ಬಗ್ಗಿ ನೋಡಿದೆ. ತಿರುವಿನವರೆಗೆ ಚಪ್ಪಲಿಯಿಲ್ಲದೆ ಓಡಿದೆ. ಹಾಲಿನ ಅಂಗಡಿಯವನು, "ಯಜಮಾನ್ರೇ, ಹೂವಿನ ಏಪ್ರನ್ ಹಾಕ್ಕೊಂಡು ಒಬ್ಬ ಬಾಣಸಿಗ ರಸ್ತೆ ದಾಟಿ ಹೋದ್ರಲ್ಲ, ಅವರನ್ನಾ ಹುಡುಕ್ತಿರೋದು?" ಎಂದ. ಆ ರಸ್ತೆಯಲ್ಲಿ ಲಾರಿಗಳು ಓಡಾಡುತ್ತವೆ. ಅವನ ತಮಾಷೆಗೆ ನಗಲು ನನ್ನಲ್ಲಿ ಉಸಿರಿರಲಿಲ್ಲ.

ಎದುರು ಮನೆಗೆ ನುಗ್ಗಿದೆ. ಐದು ಮಕ್ಕಳು ಖಾಲಿ ಬಟ್ಟಲು ಮುಂದಿಟ್ಟುಕೊಂಡು ಸದ್ದಿಲ್ಲದೆ ಕುಳಿತಿದ್ದರು. ಗುಬ್ಬಿ ಮಣೆಯ ಮೇಲೆ ನಿಂತು, ನಾನು ಕಟ್ಟಿದ ಏಪ್ರನ್‌ನಲ್ಲಿ, ಬೆರಳಲ್ಲಿ ಉಪ್ಪು ಹಿಡಿದಿದ್ದಳು. ಸೌಟಮ್ಮ ಹಿಂದಿನಿಂದ ಅವಳ ಸೊಂಟ ಹಿಡಿದಿದ್ದರು. ಗುಬ್ಬಿಯ ಮುಖದ ಮೇಲಿದ್ದ ಗಾಂಭೀರ್ಯವನ್ನು ಅವಳು ನಮ್ಮ ಮನೆಯಲ್ಲಿ ಎಂದೂ ತೋರಿಸಿರಲಿಲ್ಲ. ನಾನು ಮಗುವನ್ನು ಎಳೆದುಕೊಂಡೆ. ಉಪ್ಪಿನ ಗಾಜಿನ ಭರಣಿ ಬಿದ್ದು ಒಡೆಯಿತು. ಚೂರು ಗುಬ್ಬಿಯ ಕಾಲಿಗೆ ತಗಲದಂತೆ ಅಡ್ಡ ಹಿಡಿದ ಸೌಟಮ್ಮನ ಅಂಗೈ ಸೀಳಿಹೋಯಿತು. ಆ ಗಾಯಕ್ಕೆ ಉಪ್ಪೂ ಹತ್ತಿತು. ಆಕೆ ಕೂಗಲಿಲ್ಲ. ಕೂಗಿದ್ದು ನಾನು. ನನ್ನ ಮಗುವನ್ನು ಕದ್ದಿರಿ ಎಂದೆ, ಇನ್ನೂ ಏನೇನೋ ಎಂದೆ. ಪೊಲೀಸರಿಗೆ ಫೋನ್ ಮಾಡಿಸಿದವನೂ ನಾನೇ. ಮಗುವನ್ನು ಕೊಂಡೊಯ್ದರು ಎಂದು ನಿನ್ನೆಯೇ ಠಾಣೆಯಲ್ಲಿ ಮೊದಲ ಹೇಳಿಕೆ ಬರೆಸಿದೆ.

ಸೌಟಮ್ಮ ಹೇಳಿದ್ದು ಇಷ್ಟು: ಜ್ವರ ಅಂದ್ರಿ, ಹಣೆ ಮುಟ್ಟಿದರೆ ತಣ್ಣಗಿದೆ. ಪಾಳಿ ಬೇರೆಯವರಿಗೆ ಕೊಡೋಣವೆಂದರೆ ಮಕ್ಕಳು ಒಪ್ಪಲಿಲ್ಲ. ಅಷ್ಟರಲ್ಲಿ ಇವಳೇ ಬಂದಳು. ನಿಮಗೆ ಫೋನ್ ಮಾಡಿದೆ, ಎತ್ತಲಿಲ್ಲ ಎಂದರು. ನನ್ನ ಫೋನು ನಮ್ಮ ಅಡುಗೆಮನೆಯಲ್ಲೇ ಉಳಿದಿತ್ತು. ಅದರಲ್ಲಿ ಆಕೆಯ ಕರೆಗಳು ಇದ್ದವೆಂಬುದು ನಿಜ.

ನಿನ್ನೆ ಸಂಜೆ ಠಾಣೆಗೆ ಮಗಳು ಸಮವಸ್ತ್ರದಲ್ಲೇ ಬಂದಳು. ದೂರು ನಡೆದರೆ ಆ ಮನೆ ಮುಚ್ಚುತ್ತದೆ, ತಾನು ಕೆಲಸ ಬಿಡಬೇಕಾಗುತ್ತದೆ ಎಂದಳು. ಆಮೇಲೆ, "ಅಪ್ಪಾ, ನೀವಿಬ್ಬರೇ ಇಡೀ ದಿನ ಇದ್ದರೂ ಅವಳು ಕಿಟಕಿ ಹತ್ತಿರಾನೇ ನಿಂತಿರ್ತಾಳೆ" ಎಂದಳು. ಆ ಕಿಟಕಿಯ ಬಳಿ ಆರು ತಿಂಗಳಿಂದ ನಿಂತಿರುವುದು ನಾನು.

ಆದ್ದರಿಂದ ನನ್ನ ಮೊದಲ ಹೇಳಿಕೆಯಲ್ಲಿ "ಮಗುವನ್ನು ಕೊಂಡೊಯ್ದರು" ಎಂದಿರುವ ಕಡೆ ಗೆರೆ ಎಳೆದು, "ಮಗು ತಾನೇ ನಡೆದು ಹೋಯಿತು" ಎಂದು ತಿದ್ದಿಸಿ, ಪಕ್ಕದಲ್ಲಿ ಸಹಿ ಮಾಡಿದ್ದೇನೆ. ತಪ್ಪು ಪದವನ್ನು ಗೊತ್ತಿದ್ದೂ ಅಚ್ಚಿಗೆ ಬಿಟ್ಟವನಲ್ಲ ನಾನು. ಭರಣಿ ಒಡೆದದ್ದು, ಕೈ ಗಾಯವಾದದ್ದು ನನ್ನಿಂದ. ಆದರೆ ಆ ಹೆಂಗಸಿನ ಮೇಲೆ ನನ್ನ ಅಸಮಾಧಾನ ಹಾಗೆಯೇ ಇದೆ. ನನ್ನ ಮೊಮ್ಮಗಳ ಕೈಯ ಉಪ್ಪು ಎಷ್ಟಿರುತ್ತದೆಂದು ಆಕೆಗೆ ಗೊತ್ತು, ನನಗೆ ಗೊತ್ತಿಲ್ಲ. ಇದಕ್ಕೆ ಯಾವ ಕಲಂ ಹಾಕಬಹುದು ಎಂದು ಕೇಳಿದೆ. ಬರೆದುಕೊಳ್ಳುತ್ತಿದ್ದ ಮಹಿಳಾ ಪೇದೆ, ಅಂಥದ್ದು ಯಾವುದೂ ಇಲ್ಲ ಎಂದರು.

ಹೇಳಿಕೆಯನ್ನು ನನಗೆ ಗಟ್ಟಿಯಾಗಿ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಸುಳ್ಳಿಲ್ಲ. ಇನ್ನೇನಾದರೂ ಸೇರಿಸಬೇಕೇ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ, ಎದುರಿನ ಬೆಂಚಿನಲ್ಲಿ, ಬ್ಯಾಂಡೇಜು ಸುತ್ತಿದ ಸೌಟಮ್ಮನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ ಗುಬ್ಬಿ, ನನ್ನನ್ನೇ ನೋಡುತ್ತ, "ಸಾಕು" ಎಂದಳು.

ಸಾಕೆಂದು ಒಪ್ಪಿ ಸಹಿ ಮಾಡಿರುತ್ತೇನೆ.

ಸ್ಥಳ: ಠಾಣೆ
ದಿನ: ಶುಕ್ರವಾರ, ಬೆಳಿಗ್ಗೆ
(ಸಹಿ)
ಹೇಳಿಕೆ ಕೊಟ್ಟವರು, ಮಗುವಿನ ತಾತ