ಪರದೆ ನೋಡದವನು

ಇದನ್ನು ಕೇಳಿದಾಗಿನಿಂದ ಬಾಯೆಲ್ಲ ಕಹಿ, ಉಗಿದರೂ ಹೋಗುತ್ತಿಲ್ಲ. ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಅಕ್ಕ, ತಂಗಿ ಕೂತಿದ್ದರು. ತಂಗಿಗೆ ಮದುವೆ ಗೊತ್ತಾಗಿದೆ. ಹಿಂದಿನ ದಿನ ಹುಡುಗ ಅವಳನ್ನು ಸಿನಿಮಾಕ್ಕೆ ಕರೆದೊಯ್ದಿದ್ದನಂತೆ.

“ಹೀರೋ ಹೀರೋಯಿನ್ ಜುಟ್ಟು ಹಿಡಿದು ಕೆನ್ನೆಗೆ ಬಾರಿಸ್ತಾನೆ ಅಕ್ಕಾ. ಥಿಯೇಟರ್‌ಗೆ ಥಿಯೇಟರೇ ಶಿಳ್ಳೆ.”

“ಅವಳೂ ಬಾಯಿ ಜೋರು ಮಾಡಿರ್ತಾಳೆ. ಸಿನಿಮಾ ಅಂದ್ಮೇಲೆ ಒಂದೇಟು ಬೇಡ್ವೇನೇ?”

“ಇವರು ಶಿಳ್ಳೆ ಹೊಡೀಲಿಲ್ಲ.”

“ನೋಡ್ದ್ಯಾ! ಚಿನ್ನದಂಥ ಹುಡುಗ.”

“ಪರದೇನೂ ನೋಡ್ಲಿಲ್ಲ. ನನ್ನ ಮುಖಾನೇ ನೋಡ್ತಿದ್ರು.”

“ಅಯ್ಯೋ, ಅದು ಪ್ರೀತಿ ಕಣೇ.”

“ಏಟು ಬೀಳೋಕೆ ಮುಂಚೇನೇ ನನ್ನ ಕಡೆ ತಿರುಗಿದ್ರು ಅಕ್ಕಾ. ಅವರು ಆ ಸಿನಿಮಾ ಮೊದಲೇ ನೋಡಿದ್ರಂತೆ.”

ಅಕ್ಕ ಕಿಟಕಿಯಾಚೆ ನೋಡಿದಳು.

“ನೀನೇನ್ ಮಾಡ್ದೆ?”

“ಭಯಕ್ಕೆ ನಕ್ಕುಬಿಟ್ಟೆ. ಅಕ್ಕಾ, ಈ ಮದುವೆ ಬೇಡ ಅಂತ ಅಪ್ಪಂಗೆ ನೀನೇ ಹೇಳ್ತೀಯಾ?”

“ನಕ್ಕೆ ತಾನೆ, ಸದ್ಯ. ನಾನೂ ಹಂಗೇ ನಗ್ತಾ ನಗ್ತಾ ಸಂಸಾರ ಮಾಡ್ತಿಲ್ವಾ? ಏಳು, ಸ್ಟಾಪ್ ಬಂತು.”

ತಂಗಿ ಏಳಲಿಲ್ಲ. ಅಕ್ಕ ಅವಳ ರಟ್ಟೆ ಹಿಡಿದು ಎಬ್ಬಿಸಿ, ಇಳಿಸಿಕೊಂಡು ಹೋದಳು.