ಅತ್ತೆಯ ಹೆಸರಿನ ಔಷಧಿ

ಅಫೀಮಿನ ಕಾಯ್ದೆ ಬಿಗಿಯಾದ ವರ್ಷ. ಮಾಲೂರಿನ ಆಸ್ಪತ್ರೆಯ ಜಗಲಿಯಲ್ಲಿ ಕಾಯುತ್ತಿದ್ದ ದೊಡ್ಡಗಂಗಮ್ಮನ ಕಿವಿಗೆ ಪಕ್ಕದ ಇಬ್ಬರ ಪಿಸುಮಾತು ಬಿತ್ತು. ಒಬ್ಬಳು ಬುರ್ಖಾ ತೊಟ್ಟ ಹರೆಯದ ಶಕೀಲಾ, ಇನ್ನೊಬ್ಬಳು ಅವಳ ನೆರೆಮನೆಯ ಮುನಿಯಲ್ಲಮ್ಮ. ಒಂದು ಮಾತೂ ತಪ್ಪದಿರಲೆಂದು ದೊಡ್ಡಗಂಗಮ್ಮ ಬಂದ ಕೆಮ್ಮನ್ನೂ ನುಂಗಿಕೊಂಡಳು.

“ಅತ್ತೆ ಸೊಂಟ ನೋವಿಗೆ ಮೂರು ದಿನದಿಂದ ನರಳ್ತಾವ್ರೆ ಅಕ್ಕ. ಅಫೀಮಿನ ಔಷಧಿ ಬಿಟ್ರೆ ಯಾವ್ದೂ ನಾಟಲ್ಲ. ರೋಗೀನ ಕಣ್ಣಾರೆ ನೋಡ್ದೆ ಚೀಟಿ ಬರೆಯಂಗಿಲ್ಲ ಅಂತಾರೆ ಡಾಕ್ಟ್ರು. ಅವರನ್ನ ನಮ್ಮೂರು ಟೇಕಲ್ಲಲ್ಲಿ ರೈಲು ಹತ್ತಿಸಿ ಇಲ್ಲಿಗೆ ತರೋದು ಹೆಂಗೆ?”

“ಅದಕ್ಕೇ ನೀನೇ ಅತ್ತೆ ಆಗಿ ಬಂದಿದೀಯಲ್ಲ. ಎಲ್ಲಿ, ಹೇಳು. ವಯಸ್ಸು?”

“ಎಪ್ಪತ್ತು.”

“ದನಿ ನಡುಗಿಸು. ಮಕ್ಕಳೆಷ್ಟು?”

“ಐದು. ದೊಡ್ಡವರು ನಮ್ಮನೆಯವರು.”

“ಲೇ, ಇವತ್ತು ಅವನು ನಿನ್ನ ಮಗ ಕಣೇ.”

ಬುರ್ಖಾದೊಳಗಿಂದ ಕಿಸಕ್ಕನೆ ನಗು ಬಂತು.

“ಸೊಂಟ ನೋವಿನ ಮುದುಕಿ ಹಂಗೆ ನಗಲ್ಲ. ಸೊಸೆ ಚೆನ್ನಾಗಿ ನೋಡ್ಕೊಳ್ತಾಳಾ ಅಂತ ಕೇಳಿದ್ರೆ?”

“ಬಂಗಾರದಂಥ ಸೊಸೆ ಅಂತೀನಿ.”

“ಕೆಟ್ಟೆ. ಅಲ್ಲೇ ಸಿಕ್ಕಿಬೀಳ್ತೀಯ. ಯಾವ ಅತ್ತೆ ಹಂಗಂತಾಳೆ?”

“ಅಮೀನಾ ಬೀ,” ಎಂದು ಕಾಂಪೌಂಡರ್ ಒಳಗಿಂದ ಅತ್ತೆಯ ಹೆಸರು ಕೂಗಿದ.

ಶಕೀಲಾ ಸೊಂಟಕ್ಕೆ ಕೈಕೊಟ್ಟು, ಬಿಲ್ಲಿನಂತೆ ಬಾಗಿ, ಮುನಿಯಲ್ಲಮ್ಮನ ಭುಜ ಹಿಡಿದು ಹೊರಟಳು. ಬಾಗಿಲು ದಾಟುವಾಗ ಅವಳ ನಡುಗುವ ದನಿ ಜಗಲಿಯವರಿಗೆಲ್ಲ ಕೇಳಿಸಿತು.

“ಏನ್ ಸೊಸೆಯೋ ಏನೋ ಡಾಕ್ಟ್ರೇ, ಹೊತ್ತು ಮೂಡಿದ್ರೂ ಏಳಲ್ಲ, ಕೈಗೊಂದು ಲೋಟ ನೀರು ಕೊಡಲ್ಲ…”