ಮದುಮಗನ ಚೂರಿಗೆ ಬಿದ್ದ ಗೀರು

ಚಳ್ಳಕೆರೆ ಬಸ್‌ಸ್ಟ್ಯಾಂಡ್ ಪಕ್ಕದ ಸಾಣೆಯವನ ಮುಂದೆ ಕುಡುಗೋಲು ಹಿಡಿದು ನಿಂತಿದ್ದ ಬೋರಮ್ಮನಿಗೆ, ಮುಂದಿದ್ದ ಅತ್ತೆ ಸೊಸೆಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಮದುಮಗ ಹಿಡಿಯೋ ಚೂರಿ ಕಣೇ ಇದು! ಅವತ್ತು ನಿನ್ನ ಗಂಡ ಹಿಡಿದಿದ್ದ, ನಾಳಿದ್ದು ನಿನ್ನ ಮೈದುನ ಹಿಡೀಬೇಕು. ಕನ್ನಡಿಯಂಗಿತ್ತು, ಮೈತುಂಬ ಗೀರು ಮಾಡಿದೀಯಲ್ಲ!”

“ಕುರಿ ಹಗ್ಗ ಬೇಲಿ ತಂತೀಗೆ ಸಿಕ್ಕಿ ಕೊರಳು ಬಿಗೀತಿತ್ತು ಅತ್ತೆ. ಕೊಯ್ಯೋವಾಗ ತಂತಿ ಉಜ್ಜಿ ಗೀರು ಬಿತ್ತು.”

“ಅಡಿಗೆ ಚಾಕು ಇರ್ಲಿಲ್ವಾ?”

“ಮದುವೆಗೆ ಅಂತ ಇದನ್ನೇ ತೊಳೀತಿದ್ದೆ. ಚಾಕು ಹುಡುಕೋ ಹೊತ್ತಿಗೆ ಕುರಿ ಉಳೀತಿತ್ತಾ?”

“ಬೀಗರು ಅಪಶಕುನ ಅಂತಾರೆ.”

“ಅನ್ಲಿ. ಜೀವ ಉಳಿಸಿದ ಚೂರಿ ಅಂತ ಚಪ್ಪರದಾಗೇ ಹೇಳ್ತೀನಿ. ನಿಂಬೆಹಣ್ಣು ಚುಚ್ಕೊಂಡು ಮೆರೆದು ಪೆಟ್ಟಿಗ್ಯಾಗೆ ಮಲಗೋಕೇನಾ ಇದು ಇರೋದು?”

ಸಾಣೆಯವನು ಚೂರಿಯನ್ನು ಬಿಸಿಲಿಗೆ ಹಿಡಿದು ನೋಡಿದ. “ಗೀರು ಹೋಗಂಗೆ ಪಾಲಿಷ್ ಮಾಡ್ಲೇನಮ್ಮ?”

“ಮಾಡಪ್ಪ,” ಎಂದಳು ಅತ್ತೆ.

“ಗೀರು ಮುಟ್ಟಬ್ಯಾಡಣ್ಣ,” ಎಂದಳು ಸೊಸೆ. “ಅಲಗು ಮಸೆದು ಕೊಡು. ಹಗ್ಗ ಕೊಯ್ಯಾಕೆ ಭಾಳ ಹೊತ್ತು ಹಿಡೀತು.”

ಗೀರು ಹಾಗೇ ಬಿಟ್ಟು ಮಸೆದ ಚೂರಿಯನ್ನು ಅತ್ತೆ ತಾನೇ ಸೆರಗಿನಲ್ಲಿ ಸುತ್ತಿಕೊಂಡು, ಸೊಸೆಯ ಹಿಂದೆ ಮೊಳಕಾಲ್ಮೂರು ಬಸ್ಸು ಹತ್ತಿದಳು.